ಈ ಇನ್ಸ್‌ಪೆಕ್ಟರ್ ಯಾರ ಕಡೆಯವನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಚಿತ್ರದ ಸುತ್ತ ಇವೆ: ಕಿಮ್ ಜೀ-ಊನ್ ನಿರ್ದೇಶನದ 2016ರ ಕೊರಿಯನ್ ಚಿತ್ರ ‘ದಿ ಏಜ್ ಆಫ್ ಶ್ಯಾಡೋಸ್’. ಜಪಾನ್ ಕೊರಿಯಾವನ್ನು ಆಳುತ್ತಿದ್ದ 1920ರ ದಶಕದ ಕಥೆ. ಜಪಾನಿ ಪೊಲೀಸ್ ಇಲಾಖೆಯಲ್ಲಿರುವ ಒಬ್ಬ ಕೊರಿಯನ್ ಅಧಿಕಾರಿ, ಶಾಂಘೈನಿಂದ ರಾಜಧಾನಿಗೆ (ಇಂದಿನ ಸೋಲ್) ಬಾಂಬ್ ಸಾಗಿಸಲು ಹೊರಟ ಕ್ರಾಂತಿಕಾರಿಗಳು, ಇಬ್ಬರನ್ನೂ ಒಟ್ಟಿಗೆ ಕೂರಿಸುವ ಒಂದು ರೈಲು. ಚಿತ್ರ ನೋಡದವರು ಓದಿದರೂ ಕೊನೆಯ ಗುಟ್ಟು ಬಯಲಾಗದಂತೆ ಉತ್ತರಿಸಿದ್ದೇವೆ.

ಪ್ರಶ್ನೆ: ಮೊದಲ ಅರ್ಧ ಗಂಟೆ ಯಾರು ಯಾರೆಂದೇ ಗೊತ್ತಾಗಲಿಲ್ಲ. ಎಲ್ಲರೂ ಕೋಟು ಹಾಕಿ ಟೋಪಿ ಇಟ್ಟವರೇ. ಹೆಸರುಗಳೂ ಕಿಮ್, ಲೀ ಎಂದು ಸುತ್ತುತ್ತವೆ. ಇದನ್ನು ಬಿಡಿಸಿಕೊಳ್ಳುವುದು ಹೇಗೆ?

ಉತ್ತರ: ಕೊರಿಯನ್ ಹೆಸರಿನಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಕಿಮ್, ಲೀ, ಪಾರ್ಕ್ ಎಂಬ ಮೂರೇ ಮನೆತನಗಳು ದೇಶದ ದೊಡ್ಡ ಪಾಲನ್ನು ಹಂಚಿಕೊಂಡಿವೆ. ಆದ್ದರಿಂದ ‘ಕಿಮ್’ ಎಂದು ನೆನಪಿಟ್ಟರೆ ಏನೂ ಇಟ್ಟಂತಾಗಲಿಲ್ಲ. ಹಿಂದಿನ ಎರಡು ಅಕ್ಷರಗಳನ್ನು ಹಿಡಿಯಿರಿ.

ಐದು ಜನರನ್ನು ಹಿಡಿದರೆ ಸಾಕು. ಜಂಗ್-ಚುಲ್: ಕೊರಿಯನ್ ಪೊಲೀಸ್ ಅಧಿಕಾರಿ, ನಟ ಸಾಂಗ್ ಕಾಂಗ್-ಹೊ. ಊ-ಜಿನ್: ಹಳೆಯ ವಸ್ತುಗಳ ವ್ಯಾಪಾರದ ಮರೆಯಲ್ಲಿ ಕೆಲಸ ಮಾಡುವ ಕ್ರಾಂತಿಕಾರಿ, ನಟ ಗಾಂಗ್ ಯೂ. ಚೆ-ಸಾನ್: ಶಾಂಘೈನಲ್ಲಿರುವ ನಾಯಕ, ನಟ ಲೀ ಬ್ಯುಂಗ್-ಹನ್. ಈತ ತೆರೆಯ ಮೇಲಿರುವುದು ಸ್ವಲ್ಪ ಹೊತ್ತು, ಆದರೆ ಕಥೆ ತಿರುಗುವುದು ಅವನು ಬಂದಾಗಲೇ. ಹಿಗಾಶಿ: ಜಪಾನಿ ಮೇಲಧಿಕಾರಿ. ಹಾಶಿಮೊಟೊ: ಜಂಗ್-ಚುಲ್ ಪಕ್ಕದಲ್ಲಿ ಕೂರಿಸಿದ ಸಹೋದ್ಯೋಗಿ. ಜೊತೆಗಾರ ಎನ್ನುವುದಕ್ಕಿಂತ ಬೆನ್ನಿಗೆ ಕಟ್ಟಿದ ಕಣ್ಣು ಎನ್ನುವುದೇ ಸರಿ. ಇವರ ಮುಖ ಪರಿಚಯವಾದ ಮೇಲೆ ಉಳಿದವರು ತಾವಾಗಿಯೇ ತಮ್ಮ ಜಾಗಕ್ಕೆ ಸರಿಯುತ್ತಾರೆ.

ಆರಂಭದ ದೃಶ್ಯವನ್ನು ಮಾತ್ರ ಎರಡು ಸಲ ನೋಡಿ. ಒಬ್ಬ ಕ್ರಾಂತಿಕಾರಿ ಹಣ ಹೊಂದಿಸಲು ಬುದ್ಧನ ವಿಗ್ರಹ ಮಾರಲು ಬರುತ್ತಾನೆ, ಪೊಲೀಸರು ಸುತ್ತುವರಿಯುತ್ತಾರೆ, ಹೆಂಚಿನ ಮಾಡುಗಳ ಮೇಲೆ ಬೂಟುಗಳ ಸದ್ದು. ಸಾಹಸ ದೃಶ್ಯವೆಂದು ಕಣ್ಣು ಅದರ ಹಿಂದೆ ಓಡುತ್ತದೆ. ಆದರೆ ಅಲ್ಲಿ ನೋಡಬೇಕಾದ್ದು ಜಂಗ್-ಚುಲ್‌ನ ಮುಖ. ಸಿಕ್ಕಿಬಿದ್ದವನು ಅವನ ಹಳೆಯ ಗೆಳೆಯ. ‘ಶರಣಾಗು’ ಎಂದು ಬೇಡುವ ಆ ದನಿಯಲ್ಲಿ ಅಧಿಕಾರಿಯ ಲೆಕ್ಕಾಚಾರ ಎಷ್ಟು, ಗೆಳೆಯನ ಕಳವಳ ಎಷ್ಟು ಎಂಬುದು ತಿಳಿಯದು. ಮುಂದಿನ ಎರಡು ಗಂಟೆ ಚಿತ್ರ ಅಳೆಯುವುದು ಅದನ್ನೇ.

ಪ್ರಶ್ನೆ: ಇದು ನಿಜವಾಗಿ ನಡೆದದ್ದೇ?

ಉತ್ತರ: ಬೇರು ನಿಜದ್ದು, ಕೊಂಬೆಗಳು ಕಲ್ಪನೆ. ಹೆಸರುಗಳನ್ನೆಲ್ಲ ಬದಲಾಯಿಸಿದ್ದಾರೆ.

1923ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ‘ಹ್ವಾಂಗ್ ಓಕ್ ಪ್ರಕರಣ’ ಇದರ ಮೂಲ. ಹ್ವಾಂಗ್ ಓಕ್ ಗ್ಯೊಂಗಿ ಪ್ರಾಂತ್ಯದ ಪೊಲೀಸ್ ವಿಭಾಗದಲ್ಲಿ ಅಧಿಕಾರಿಯಾಗಿದ್ದ ಕೊರಿಯನ್. ಕ್ರಾಂತಿಕಾರಿಗಳ ಸುಳಿವು ಹಿಡಿಯುವ ಹೆಸರಿನಲ್ಲಿ ಚೀನಾಕ್ಕೆ ಹೋದ. ಅಲ್ಲಿ ಉಯ್ಯೊಲ್ದಾನ್ ಎಂಬ ಗುಪ್ತ ಸಂಘದವರನ್ನು ಕಂಡ. ಸಂಘದ ಕಿಮ್ ಸಿ-ಹ್ಯೊನ್ ಜೊತೆ ಸೇರಿ ಬಾಂಬ್, ಪಿಸ್ತೂಲು, ಕರಪತ್ರಗಳು ಗಡಿ ದಾಟಿ ಬರಲು ದಾರಿ ಮಾಡಿಕೊಟ್ಟ. ಮಾಹಿತಿದಾರನೊಬ್ಬನ ಸುಳಿವಿನಿಂದ ಎಲ್ಲವೂ ಬಯಲಾಯಿತು. ಹ್ವಾಂಗ್ ಓಕ್ ಮತ್ತು ಕಿಮ್ ಸಿ-ಹ್ಯೊನ್ ಇಬ್ಬರಿಗೂ 10 ವರ್ಷಗಳ ಶಿಕ್ಷೆಯಾಯಿತು.

ಇಲ್ಲಿಂದ ಮುಂದೆ ಕಗ್ಗಂಟು. ನ್ಯಾಯಾಲಯದಲ್ಲಿ ಹ್ವಾಂಗ್ ಓಕ್ ಹೇಳಿದ್ದು: ನಾನು ಕ್ರಾಂತಿಕಾರಿಯೇ ಅಲ್ಲ, ಸಂಘವನ್ನು ಒಂದೇ ಬಲೆಯಲ್ಲಿ ಎಳೆಯಲು ಮೇಲಧಿಕಾರಿಗಳ ಅರಿವಿನಲ್ಲೇ ಈ ಕೆಲಸ ಮಾಡಿದೆ. ನಿಜವಿರಬಹುದು. ಜೀವ ಉಳಿಸಿಕೊಳ್ಳಲು ಆಡಿದ ಮಾತೂ ಇರಬಹುದು. ಪೊಲೀಸ್ ಇಲಾಖೆಗೆ ‘ಹೌದು, ನಾವೇ ಕಳಿಸಿದ್ದೆವು’ ಎಂದರೂ ಕಷ್ಟ, ‘ನಮ್ಮವನೇ ದ್ರೋಹ ಬಗೆದ’ ಎಂದರೂ ಮುಖಭಂಗ. ಇತಿಹಾಸಕಾರರು ಈ ಹೊತ್ತಿಗೂ ಎರಡು ಪಾಳಯವಾಗಿಯೇ ಇದ್ದಾರೆ. ಅವನು ಎರಡು ದೋಣಿಯಲ್ಲಿ ಕಾಲಿಟ್ಟಿದ್ದನೇ, ಇಲ್ಲ ಒಂದರಲ್ಲಿ ನಿಂತು ಇನ್ನೊಂದಕ್ಕೆ ತೂತು ಕೊರೆಯುತ್ತಿದ್ದನೇ ಎಂಬುದಕ್ಕೆ ಕಾಗದದಲ್ಲಿ ಉತ್ತರವಿಲ್ಲ.

ಚಿತ್ರವು ಕೊನೆಗೆ ಒಂದು ಉತ್ತರ ಕೊಟ್ಟೇಬಿಡುತ್ತದೆ. ನಮಗೆ ಅದು ಚಿತ್ರದ ದುರ್ಬಲ ಭಾಗವೆಂದೇ ಅನಿಸುತ್ತದೆ. ಅನುಮಾನ ಇರುವವರೆಗೆ ಸಾಂಗ್ ಕಾಂಗ್-ಹೊ ಮುಖದಲ್ಲಿ ಹತ್ತು ಬಣ್ಣ, ಅದು ತೀರಿದ ಮೇಲೆ ಒಂದೇ.

ಉಳಿದ ಪಾತ್ರಗಳಿಗೂ ಮೂಲವಿದೆ. ಊ-ಜಿನ್‌ನ ಹಿಂದೆ ಕಿಮ್ ಸಿ-ಹ್ಯೊನ್, ಚೆ-ಸಾನ್‌ನ ಹಿಂದೆ ಸಂಘದ ನಾಯಕ ಕಿಮ್ ವೊನ್-ಬೊಂಗ್. ಮಾಡಿನ ಮೇಲೆ ಓಡುವ ಕ್ರಾಂತಿಕಾರಿಯ ಹಿಂದೆ ಕಿಮ್ ಸಾಂಗ್-ಓಕ್. 1923ರ ಜನವರಿ 12ರಂದು ಜೊಂಗ್ನೊ ಪೊಲೀಸ್ ಠಾಣೆಗೆ ಬಾಂಬ್ ಬಿದ್ದ ಪ್ರಕರಣದಲ್ಲಿ ಪೊಲೀಸರು ಬೆನ್ನಟ್ಟಿದ್ದು ಇವನನ್ನೇ. ಹತ್ತು ದಿನ ತಪ್ಪಿಸಿಕೊಂಡು, ಜನವರಿ 22ರಂದು ಹ್ಯೊಜೆ-ದೊಂಗ್ ಬಡಾವಣೆಯಲ್ಲಿ ನೂರಾರು ಪೊಲೀಸರ ನಡುವೆ ಒಬ್ಬನೇ ಕಾದಾಡಿ ಸತ್ತ. ಮನೆಯಿಂದ ಮನೆಗೆ ಹಾರುತ್ತಾ ಗುಂಡು ಹಾರಿಸಿದ್ದೆಂದು ಹೇಳುವ ಆ ಕಾಳಗವನ್ನೇ ಚಿತ್ರ ತನ್ನ ಆರಂಭವಾಗಿ ಮಾಡಿಕೊಂಡಿದೆ.

ಪ್ರಶ್ನೆ: ಉಯ್ಯೊಲ್ದಾನ್ ಎಂದರೆ ಏನು? ಅಷ್ಟು ದೊಡ್ಡ ಸೈನ್ಯವೇ?

ಉತ್ತರ: ಸೈನ್ಯವಲ್ಲ. ‘ನೀತಿಗಾಗಿ ಪ್ರಾಣ ಕೊಡುವ ಶೂರರ ಕೂಟ’ ಎಂಬರ್ಥದ ಹೆಸರು. 1919ರ ನವೆಂಬರ್‌ನಲ್ಲಿ ಈಶಾನ್ಯ ಚೀನಾದ ಮಂಚೂರಿಯಾದ ಜಿಲಿನ್ ಊರಿನಲ್ಲಿ ಬೆರಳೆಣಿಕೆಯ ಯುವಕರು ಕಟ್ಟಿದ್ದು. ಅದೇ ವರ್ಷ ಮಾರ್ಚ್ 1ರಂದು ಶುರುವಾದ ಶಾಂತಿಯುತ ಸ್ವಾತಂತ್ರ್ಯ ಚಳವಳಿಯನ್ನು ಜಪಾನ್ ಬಂದೂಕಿನಿಂದ ಹತ್ತಿಕ್ಕಿತ್ತು. ಘೋಷಣೆಯಿಂದ ಆಗದ್ದು ಬಾಂಬಿನಿಂದ ಆದೀತು ಎಂಬ ತೀರ್ಮಾನಕ್ಕೆ ಬಂದವರು ಇವರು.

ಗುರಿಗಳು ಸ್ಪಷ್ಟವಾಗಿದ್ದವು: ಗವರ್ನರ್ ಜನರಲ್ ಮತ್ತು ಅವನ ಅಧಿಕಾರಿಗಳು, ಪೊಲೀಸ್ ಠಾಣೆಗಳು, ಜಪಾನ್ ಪರ ದಲ್ಲಾಳಿಗಳು, ಭೂಮಿ ನುಂಗುತ್ತಿದ್ದ ಓರಿಯೆಂಟಲ್ ಡೆವಲಪ್‌ಮೆಂಟ್ ಕಂಪನಿ. 1920ರ ಸೆಪ್ಟೆಂಬರ್‌ನಲ್ಲಿ ಬುಸಾನ್ ಪೊಲೀಸ್ ಠಾಣೆ. 1921ರ ಸೆಪ್ಟೆಂಬರ್‌ನಲ್ಲಿ ನಾಮ್ಸಾನ್ ಬೆಟ್ಟದ ಮೇಲಿದ್ದ ಗವರ್ನರ್ ಜನರಲ್ ಕಚೇರಿಯ ಒಳಕ್ಕೇ ಬಾಂಬ್. ಎಸೆದ ಕಿಮ್ ಇಕ್-ಸಾಂಗ್ ಸದ್ದಿಲ್ಲದೆ ನಡೆದುಹೋದ. 1922ರ ಮಾರ್ಚ್‌ನಲ್ಲಿ ಶಾಂಘೈ ಬಂದರಿನಲ್ಲಿ ಜಪಾನಿ ಸೇನಾಧಿಕಾರಿ ತನಾಕಾ ಗಿಇಚಿ ಮೇಲೆ ದಾಳಿ, ಗುರಿ ತಪ್ಪಿತು. 1926ರ ಡಿಸೆಂಬರ್ 28ರಂದು ಓರಿಯೆಂಟಲ್ ಡೆವಲಪ್‌ಮೆಂಟ್ ಕಂಪನಿಯ ಕಚೇರಿ.

ಸೋಲಿನ ಕಾರಣವೂ ಪದೇ ಪದೇ ಒಂದೇ: ಕೈಯಲ್ಲಿದ್ದ ಬಾಂಬ್‌ಗಳು ನೆಚ್ಚುವಂತಿರಲಿಲ್ಲ. ಎಸೆದವು ಸಿಡಿಯುತ್ತಿರಲಿಲ್ಲ, ಸಿಡಿದವು ಹಾನಿ ಮಾಡುತ್ತಿರಲಿಲ್ಲ. ಸಂಘದ ನಾ ಸೊಕ್-ಜು ಎಂಬಾತ ಆ ಕಂಪನಿಯ ಕಚೇರಿಗೆ ಎಸೆದದ್ದೂ ಸಿಡಿಯಲಿಲ್ಲ, ಪಿಸ್ತೂಲೇ ಗತಿಯಾಯಿತು. 1923ರ ಯೋಜನೆಗೆ ಮೊದಲು ಸಂಘವು ವಿದೇಶಿ ತಜ್ಞನೊಬ್ಬನನ್ನು ಹುಡುಕಿದ್ದು ಇದಕ್ಕೇ. ಚಿತ್ರದಲ್ಲಿ ಹಂಗೇರಿಯವನೊಬ್ಬ ಬರುವುದನ್ನು ಕಂಡು ‘ಇವನ್ಯಾಕೆ ಇಲ್ಲಿ?’ ಎಂದು ಇಬ್ಬರು ಓದುಗರು ಕೇಳಿದ್ದಾರೆ. ಸಂಘದವರ ನೆನಪುಗಳಲ್ಲಿ ‘ಮಾಜಾರ್’ ಎಂಬ ಹಂಗೇರಿಯನ್ ಬರುತ್ತಾನೆ. ಅದು ಆತನ ಜನಾಂಗದ ಹೆಸರೇ ಹೊರತು ಅವನದ್ದಲ್ಲ. ಕಟ್ಟಡ ಉರುಳಿಸಲು, ಬೆಂಕಿ ಹಚ್ಚಲು, ವ್ಯಕ್ತಿಯನ್ನು ಕೊಲ್ಲಲು ಎಂದು ಮೂರು ಬಗೆ ಮಾಡಿಕೊಟ್ಟನಂತೆ. ಬಾಂಬ್ ಜೊತೆ ಸಾಗಿಸಿದ ಕರಪತ್ರವೂ ಸಾಮಾನ್ಯದ್ದಲ್ಲ. ಇತಿಹಾಸಕಾರ ಶಿನ್ ಚೆ-ಹೊ 1923ರ ಜನವರಿಯಲ್ಲಿ ಸಂಘಕ್ಕಾಗಿ ಬರೆದ ‘ಕೊರಿಯಾ ಕ್ರಾಂತಿಯ ಘೋಷಣೆ’ ಅದು. ಚಿತ್ರ ಬಾಂಬ್‌ಗೆ ಕೊಟ್ಟ ಗಮನವನ್ನು ಈ ಕಾಗದಕ್ಕೆ ಕೊಟ್ಟಿಲ್ಲ.

ಪ್ರಶ್ನೆ: ಕೊರಿಯಾದ ಕ್ರಾಂತಿಕಾರಿಗಳೆಲ್ಲ ಶಾಂಘೈನಲ್ಲೇ ಏಕೆ? ಮತ್ತು ಅಷ್ಟು ಅಪಾಯದ ಸರಕನ್ನು ರೈಲಿನಲ್ಲಿ ತರುವುದು ಹುಚ್ಚಲ್ಲವೇ?

ಉತ್ತರ: ಶಾಂಘೈ ಅಂದರೆ ಆಗ ಒಂದು ಊರಲ್ಲ, ಮೂರು. ಚೀನೀಯರ ಭಾಗ, ಬ್ರಿಟನ್ ಮತ್ತು ಅಮೆರಿಕದವರ ಕೈ ಮೇಲಾಗಿದ್ದ ಅಂತರರಾಷ್ಟ್ರೀಯ ವಸಾಹತು, ಮತ್ತು ಫ್ರೆಂಚ್ ವಸಾಹತು. ಫ್ರೆಂಚ್ ಭಾಗದಲ್ಲಿ ಫ್ರೆಂಚರ ಪೊಲೀಸರು, ಫ್ರೆಂಚರ ಕಾನೂನು. ಜಪಾನಿ ಪೊಲೀಸರು ಅಲ್ಲಿ ಯಾರನ್ನಾದರೂ ಹಿಡಿಯಬೇಕೆಂದರೆ ಫ್ರೆಂಚರನ್ನು ಕೇಳಬೇಕು. ಕೇಳಿ ಒಪ್ಪಿಗೆ ಪಡೆಯುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. 1919ರ ಏಪ್ರಿಲ್‌ನಲ್ಲಿ ಕೊರಿಯಾದ ತಾತ್ಕಾಲಿಕ ಸರ್ಕಾರ ಶುರುವಾದದ್ದೂ ಅಲ್ಲೇ. ಈ ರಕ್ಷಣೆ ಮುಗಿದದ್ದು 1932ರಲ್ಲಿ. ಆ ವರ್ಷ ಏಪ್ರಿಲ್ 29ರಂದು ಕೊರಿಯನ್ ಕ್ರಾಂತಿಕಾರಿ ಯೂನ್ ಬೊಂಗ್-ಗಿಲ್ ಶಾಂಘೈನ ಹೊಂಗ್‌ಕೌ ಉದ್ಯಾನದಲ್ಲಿ ಜಪಾನಿ ಸೇನಾನಾಯಕರ ಮೇಲೆ ಬಾಂಬ್ ಎಸೆದ ಮೇಲೆ ತಾತ್ಕಾಲಿಕ ಸರ್ಕಾರವೇ ಊರು ಬಿಟ್ಟು ಅಲೆಯಬೇಕಾಯಿತು.

ಇನ್ನು ರೈಲು. ಹುಚ್ಚೇನಲ್ಲ, ಇದ್ದ ದಾರಿಗಳಲ್ಲಿ ಅದೂ ಒಂದು. ಆದರೆ ಶಾಂಘೈನಲ್ಲಿ ಹತ್ತಿ ಕೊರಿಯಾದಲ್ಲಿ ಇಳಿಯುವ ಒಂದೇ ರೈಲು ಆಗ ಇರಲಿಲ್ಲ. ನಿಜವಾದ ಪಯಣ ಹೀಗೆ: ಶಾಂಘೈನಿಂದ ನಾನ್‌ಜಿಂಗ್‌ಗೆ ಸುಮಾರು 310 ಕಿಲೋಮೀಟರ್. ಅಲ್ಲಿ ಯಾಂಗ್‌ತ್ಸೆ ನದಿಗೆ ಸೇತುವೆಯಿಲ್ಲ. ಇಳಿದು, ದೋಣಿ ಹತ್ತಿ, ಆಚೆ ದಡದ ಪುಕೌನಲ್ಲಿ ಬೇರೆ ರೈಲು. (ಬೋಗಿಗಳನ್ನೇ ಹೊತ್ತು ದಾಟಿಸುವ ಹಡಗು ಬಂದದ್ದು 1933ರಲ್ಲಿ.) ಪುಕೌನಿಂದ ತಿಯಾನ್‌ಜಿನ್‌ಗೆ ಸುಮಾರು 1,000 ಕಿಲೋಮೀಟರ್. ಅಲ್ಲಿಂದ ಮಂಚೂರಿಯಾದ ಫೆಂಗ್‌ತಿಯಾನ್, ಈಗಿನ ಶೆನ್‌ಯಾಂಗ್. ಮತ್ತೆ ಗಡಿಯ ಆಂಡೊಂಗ್. ಯಾಲು ನದಿ ದಾಟಿದರೆ ಸಿನುಯ್ಜು. ಅಲ್ಲಿಂದ ರಾಜಧಾನಿಗೆ ಇನ್ನೂ 499 ಕಿಲೋಮೀಟರ್. ಹತ್ತಿ ಇಳಿಯುವ ಪ್ರತಿ ಜಾಗದಲ್ಲೂ ಪೆಟ್ಟಿಗೆ ಕೈ ಬದಲಾಗುತ್ತದೆ, ಕೂಲಿಯವನು ಅದರ ತೂಕ ನೋಡುತ್ತಾನೆ. ಚಿತ್ರ ಇದನ್ನೆಲ್ಲ ಹಿಂಡಿ ಒಂದೇ ರೈಲಿನೊಳಗೆ ತುಂಬುತ್ತದೆ. ಸಿನಿಮಾಕ್ಕೆ ಅದು ಸರಿಯೇ. ದೋಣಿಗೆ ಕಾಯುವುದನ್ನು ಯಾರು ನೋಡುತ್ತಾರೆ!

ಕೊನೆಯ ಹಂತ ಮಾತ್ರ ಚಿತ್ರದಂತೆಯೇ ಇತ್ತು. ಯಾಲು ನದಿಯ ರೈಲು ಸೇತುವೆ 1911ರಲ್ಲಿ ಮುಗಿಯಿತು, ಅದೇ ವರ್ಷ ಆಚೆ ಬದಿಯ ಹಳಿಯನ್ನೂ ಅಗಲಿಸಿ ಕೊರಿಯಾದ 1,435 ಮಿಲಿಮೀಟರ್ ಅಳತೆಗೆ ತಂದರು. ಅಂದಿನಿಂದ ಗಡಿಯಲ್ಲಿ ಬೋಗಿ ಬದಲಿಸುವ ಕೆಲಸ ತಪ್ಪಿತು. ಮೇಲಾಗಿ 1917ರಿಂದ 1925ರವರೆಗೆ ಕೊರಿಯಾದ ಸರ್ಕಾರಿ ರೈಲುಗಳನ್ನು ನಡೆಸುತ್ತಿದ್ದುದೂ ಮಂಚೂರಿಯಾದ ರೈಲು ಕಂಪನಿಯೇ. ಒಂದೇ ಕಂಪನಿ, ಒಂದೇ ಹಳಿ, ಕೂತಲ್ಲೇ ಗಡಿ ದಾಟಬಹುದು. ಅನುಕೂಲವೂ ಇದೇ, ಅಪಾಯವೂ ಇದೇ: ಸೇತುವೆಯ ಮೇಲೆ ಓಡಿಹೋಗಲು ಜಾಗವಿಲ್ಲ, ಎರಡೂ ತುದಿಯಲ್ಲಿ ಸುಂಕದವರು ಮತ್ತು ಪೊಲೀಸರು. ಅಂಥ ಜಾಗದಲ್ಲಿ ಪೆಟ್ಟಿಗೆ ತೆರೆಯದಂತೆ ನೋಡಿಕೊಳ್ಳಬಲ್ಲವನು ಪೊಲೀಸ್ ಅಧಿಕಾರಿಯೊಬ್ಬನೇ. ಸಂಘಕ್ಕೆ ಹ್ವಾಂಗ್ ಓಕ್ ಯಾಕೆ ಬೇಕಾದ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಹಡಗಿನ ದಾರಿಯೂ ಇತ್ತು. ಆಂಡೊಂಗ್‌ನಲ್ಲಿ ಜಾರ್ಜ್ ಶಾ ಎಂಬ ಐರಿಶ್ ಮೂಲದ ವ್ಯಾಪಾರಿಯ ಹಡಗು ಕಂಪನಿ ತಾತ್ಕಾಲಿಕ ಸರ್ಕಾರದವರನ್ನೂ ಅವರ ಸರಕನ್ನೂ ಶಾಂಘೈಗೆ ಸಾಗಿಸುತ್ತಿತ್ತು. ಅವನು ಬ್ರಿಟಿಷ್ ಪ್ರಜೆಯಾದ್ದರಿಂದ ಚೀನಾದ ನೆಲದಲ್ಲಿದ್ದಾಗ ಮುಟ್ಟುವುದು ಕಷ್ಟ. 1920ರ ಜುಲೈನಲ್ಲಿ ಕೊರಿಯಾದ ನೆಲಕ್ಕೆ ಕಾಲಿಟ್ಟಾಗ ಹಿಡಿದರು, ಬ್ರಿಟಿಷರ ಒತ್ತಡಕ್ಕೆ ಬಿಡಬೇಕಾಯಿತು.

ನಕ್ಷೆ ನೋಡುವವರಿಗೆ ಒಂದು ಎಚ್ಚರಿಕೆ: ಆಂಡೊಂಗ್ ಎಂದು ಹುಡುಕಿದರೆ ದಕ್ಷಿಣ ಕೊರಿಯಾದ ಒಂದು ಊರು ಸಿಗುತ್ತದೆ. ಅದು ಬೇರೆ. ಗಡಿಯ ಆಂಡೊಂಗ್‌ಗೆ ಈಗ ದಾನ್‌ದೊಂಗ್ ಎಂದು ಹೆಸರು. ಗೊಂದಲ ಪೂರ್ತಿಯಾಗಲೆಂದೇ ಏನೋ, ಕಿಮ್ ಸಿ-ಹ್ಯೊನ್ ಹುಟ್ಟಿದ್ದು ದಕ್ಷಿಣದ ಆಂಡೊಂಗ್‌ನಲ್ಲಿ.

ಪ್ರಶ್ನೆ: ಜಪಾನಿಯರ ಪೊಲೀಸ್ ಇಲಾಖೆಯಲ್ಲಿ ಕೊರಿಯನ್ ಒಬ್ಬ ಅಷ್ಟು ಮೇಲೇರಲು ಸಾಧ್ಯವಿತ್ತೇ?

ಉತ್ತರ: ಇತ್ತು, ಆದರೆ ಮೆಟ್ಟಿಲು ಬೇಗ ಮುಗಿಯುತ್ತಿತ್ತು. 1910ರ ಆಗಸ್ಟ್‌ನಲ್ಲಿ ಕೊರಿಯಾವನ್ನು ಸೇರಿಸಿಕೊಂಡ ಮೇಲೆ ಮೊದಲ ಒಂಬತ್ತು ವರ್ಷ ಊರೂರನ್ನು ಆಳಿದ್ದು ಸೇನಾ ಪೊಲೀಸರು. 1919ರ ಚಳವಳಿಯ ನಂತರ ಬಂದ ಗವರ್ನರ್ ಜನರಲ್ ಸೈತೊ ಮಕೊತೊ ಅದನ್ನು ತೆಗೆದು ಸಾಮಾನ್ಯ ಪೊಲೀಸರನ್ನು ತಂದ. ‘ಸಾಂಸ್ಕೃತಿಕ ಆಡಳಿತ’ ಎಂದು ಅದಕ್ಕೆ ಹೆಸರು. ಶಾಲಾ ಮಾಸ್ತರರ ಸೊಂಟದಿಂದ ಕತ್ತಿ ಇಳಿಯಿತು, 1920ರಲ್ಲಿ ಕೊರಿಯನ್ ಪತ್ರಿಕೆಗಳಿಗೆ ಅನುಮತಿ ಸಿಕ್ಕಿತು, ಛಡಿಯೇಟಿನ ಶಿಕ್ಷೆ ನಿಂತಿತು. ಆದರೆ ಪೊಲೀಸರ ಸಂಖ್ಯೆ ಇಳಿಯಲಿಲ್ಲ, ಏರಿತು. ಜಿಲ್ಲೆಗೊಂದು ಠಾಣೆ, ಹೋಬಳಿಗೊಂದು ಉಪಠಾಣೆ ಎಂಬುದು ಹೊಸ ಲೆಕ್ಕ. ರಾಜಕೀಯ ಚಟುವಟಿಕೆ ಮೂಸುವುದಕ್ಕೆಂದೇ ‘ಉನ್ನತ ಪೊಲೀಸ್’ ವಿಭಾಗ. ಮೂಸಲು ಊರಿನ ಭಾಷೆ ಬೇಕು, ನೆಂಟಸ್ತಿಕೆ ಬೇಕು. ಅದಕ್ಕೆ ಕೊರಿಯನ್ನರೇ ಆಗಬೇಕು.

ದರ್ಜೆಗಳು ಕೆಳಗಿನಿಂದ ಹೀಗಿದ್ದವು: ಸುನ್ಸಾ ಎಂದರೆ ಪೇದೆ, ಗ್ಯೊಂಗ್‌ಬುಬೊ ಎಂದರೆ ಸಬ್ ಇನ್ಸ್‌ಪೆಕ್ಟರ್, ಗ್ಯೊಂಗ್‌ಬು ಎಂದರೆ ಇನ್ಸ್‌ಪೆಕ್ಟರ್, ಅದರ ಮೇಲೆ ಗ್ಯೊಂಗ್‌ಸಿ. ಹ್ವಾಂಗ್ ಓಕ್ ಮತ್ತು ಜಂಗ್-ಚುಲ್ ಇಬ್ಬರೂ ಗ್ಯೊಂಗ್‌ಬು. ಕೊರಿಯನ್ನನಿಗೆ ಅದು ದೊಡ್ಡ ಎತ್ತರವೇ. ಆದರೂ ಅದೇ ದರ್ಜೆಯ ಜಪಾನಿಗೆ ವಸಾಹತು ಭತ್ಯೆ ಹೆಚ್ಚು, ನಂಬಿಕೆಯೂ ಹೆಚ್ಚು. ಹಾಶಿಮೊಟೊ ಬಂದಾಗ ಜಂಗ್-ಚುಲ್‌ನ ಮುಖ ಬಿಗಿಯುವುದು ಬರೀ ಅಸೂಯೆಯಿಂದಲ್ಲ. ತಾನು ಎಷ್ಟೇ ನಿಷ್ಠೆ ತೋರಿದರೂ ಕಾವಲಿಗೆ ಒಬ್ಬನನ್ನು ಇಡುತ್ತಾರೆ ಎಂಬುದು ಆ ಕ್ಷಣ ಅವನಿಗೆ ಖಚಿತವಾಗುತ್ತದೆ.

ಪ್ರಶ್ನೆ: ಸಬ್‌ಟೈಟಲ್‌ನಲ್ಲಿ ಎಲ್ಲವೂ ಒಂದೇ ಭಾಷೆ. ಯಾವಾಗ ಜಪಾನಿ, ಯಾವಾಗ ಕೊರಿಯನ್ ಎಂದು ಗುರುತಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಯಾರು ಯಾವ ಭಾಷೆಗೆ ಯಾವಾಗ ಜಾರುತ್ತಾರೆ ಎಂಬುದರಲ್ಲೇ ಅರ್ಧ ಕಥೆಯಿದೆ, ಸಬ್‌ಟೈಟಲ್ ಅದನ್ನು ನುಂಗಿಹಾಕುತ್ತದೆ.

ಕಿವಿಗೆ ಎರಡು ಗುರುತು. ಜಪಾನಿ ಪದಗಳು ಹೆಚ್ಚಾಗಿ ನಮ್ಮ ಪದಗಳಂತೆ ಸ್ವರದಲ್ಲಿ ಮುಗಿಯುತ್ತವೆ: ಹಿಗಾಶಿ, ಹಾಶಿಮೊಟೊ. ಕೊರಿಯನ್ ಪದಗಳು ಕ್, ಲ್, ಮ್, ಂಗ್ ಎಂದು ಗಕ್ಕನೆ ನಿಲ್ಲುತ್ತವೆ: ಚುಲ್, ಜಂಗ್, ಓಕ್. ಮರ್ಯಾದೆಯ ಮಾತು ‘ದೆಸ್’, ‘ಮಾಸ್’ ಎಂದು ಮುಗಿದರೆ ಜಪಾನಿ. ‘ಮ್ನಿದಾ’, ‘ಯೊ’ ಎಂದು ಮುಗಿದರೆ ಕೊರಿಯನ್. ಕರೆಯುವಾಗ ‘ಸಾನ್’, ‘ಕುನ್’ ಸೇರಿದರೆ ಜಪಾನಿ, ‘ನಿಮ್’, ‘ಸ್ಸಿ’ ಸೇರಿದರೆ ಕೊರಿಯನ್.

ಮೋಸಹೋಗುವ ಜಾಗವೊಂದಿದೆ. ಎರಡೂ ಭಾಷೆಗಳು ಚೀನೀ ಅಕ್ಷರಗಳಿಂದ ಪದ ಕಟ್ಟುತ್ತವೆ, ಬರಹ ಒಂದೇ, ಉಚ್ಚಾರ ಬೇರೆ. ಇನ್ಸ್‌ಪೆಕ್ಟರ್‌ಗೆ ಕೊರಿಯನ್ ‘ಗ್ಯೊಂಗ್‌ಬು’, ಜಪಾನಿಯಲ್ಲಿ ‘ಕೇಬು’. ರಾಜಧಾನಿ ಕೊರಿಯನ್ನರಿಗೆ ‘ಗ್ಯೊಂಗ್‌ಸೊಂಗ್’, ಜಪಾನಿಯರಿಗೆ ‘ಕೇಜೋ’, ಇಂದು ಸೋಲ್. ಎರಡು ಊರುಗಳೆಂದು ತಿಳಿದು ಕಥೆ ತಪ್ಪಿಸಿಕೊಂಡವರು ಬಹಳ. ಚಿತ್ರದ ಕೊರಿಯನ್ ಹೆಸರು ‘ಮಿಲ್ಜೊಂಗ್’ ಕೂಡ ಇಂಥದೇ ಪದ, ಗುಟ್ಟಾಗಿ ಹೊಕ್ಕು ನೋಡುವವನು ಎಂದರ್ಥ. ಇಂಗ್ಲಿಷ್ ಹೆಸರು ಕಾಲವನ್ನು ಹೇಳುತ್ತದೆ, ಮೂಲ ಹೆಸರು ಬೆರಳು ಮಾಡಿ ಮನುಷ್ಯನನ್ನು ತೋರಿಸುತ್ತದೆ. ಯಾರನ್ನು ಎಂಬುದು ಬೇರೆ ಮಾತು.

ಡಬ್ಬಿಂಗ್ ಆವೃತ್ತಿ ಸಿಕ್ಕರೆ ಬಿಟ್ಟುಬಿಡಿ. ಎಲ್ಲರ ಬಾಯಲ್ಲೂ ಒಂದೇ ಭಾಷೆ ಬಂದರೆ ಈ ಚಿತ್ರದಲ್ಲಿ ಉಳಿಯುವುದು ಟೋಪಿಗಳು ಮಾತ್ರ.

ಪ್ರಶ್ನೆ: ಕ್ರಾಂತಿಕಾರಿಗಳು ರೈಲಿನಲ್ಲಿ ತಮ್ಮೊಳಗಿನ ದ್ರೋಹಿಯನ್ನು ಹುಡುಕುವ ತಂತ್ರ ನಿಜಕ್ಕೂ ನಡೆಯುತ್ತದೆಯೇ?

ಉತ್ತರ: ಗೂಢಚಾರಿಕೆಯಷ್ಟೇ ಹಳೆಯ ತಂತ್ರ. ಅನುಮಾನವಿರುವ ಪ್ರತಿಯೊಬ್ಬನಿಗೂ ಒಂದೇ ಸುದ್ದಿಯನ್ನು ಸ್ವಲ್ಪ ಬೇರೆ ಮಾಡಿ ಹೇಳಬೇಕು. ಒಬ್ಬನಿಗೆ ಒಂದು ಜಾಗ, ಇನ್ನೊಬ್ಬನಿಗೆ ಬೇರೆ ಜಾಗ. ಅಥವಾ ಬೇರೆ ಬೇರೆ ಹೊತ್ತು. ಶತ್ರುವಿನ ಬಾಯಲ್ಲಿ ಯಾವ ರೂಪ ಬರುತ್ತದೋ ಅದನ್ನು ಕೇಳಿದವನೇ ಕಳ್ಳ.

ಹೇಳಲು ಸುಲಭ. ಮಾಡುವಾಗ ಕೆಡುವುದು ಇಲ್ಲಿ. ಅನುಮಾನಿತರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಬಲೆ ಹರಿಯಿತು. ರೈಲಿನ ಒಂದೇ ಬೋಗಿಯಲ್ಲಿ ಕೂತವರನ್ನು ಮಾತಾಡದಂತೆ ತಡೆಯುವುದು ಹೇಗೆ? ದ್ರೋಹಿಗಳು ಇಬ್ಬರಿದ್ದರೆ ಎರಡು ರೂಪಗಳು ಹೊರಬಂದು ಎಲ್ಲ ಗೋಜಲು. ವ್ಯತ್ಯಾಸ ತೀರಾ ದೊಡ್ಡದಾದರೆ ಜಾಣ ದ್ರೋಹಿಗೆ ವಾಸನೆ ಬಡಿಯುತ್ತದೆ, ತೀರಾ ಚಿಕ್ಕದಾದರೆ ಬಾಯಿಂದ ಬಾಯಿಗೆ ಹೋಗುವಾಗ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಯಾವ ರೂಪ ತಲುಪಿತೆಂದು ತಿಳಿಯಲು ಶತ್ರುವಿನ ಪಕ್ಕದಲ್ಲೇ ನಿಮಗೊಂದು ಕಿವಿ ಬೇಕು.

ಆ ಕಿವಿ ಯಾರದು ಎಂಬುದೇ ಚಿತ್ರದ ಚೆಂದ. ಹಾಶಿಮೊಟೊ ಪಕ್ಕದಲ್ಲಿರುವವನು ಜಂಗ್-ಚುಲ್. ಅವನು ತಂದು ಹೇಳಿದ್ದನ್ನು ನಂಬಿದರೆ ಮಾತ್ರ ದ್ರೋಹಿ ಸಿಗುತ್ತಾನೆ. ಅವನೇ ಸುಳ್ಳು ಹೇಳಿದರೆ ನಿಷ್ಠಾವಂತನೊಬ್ಬ ಸಾಯುತ್ತಾನೆ. ಅತ್ತ ದರಿ, ಇತ್ತ ಪುಲಿ. ದ್ರೋಹಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕೇಳಿದವರು ಕ್ಷಮಿಸಬೇಕು.

ಪ್ರಶ್ನೆ: ಚಿತ್ರದಲ್ಲಿ ಕಾಲದ ತಪ್ಪುಗಳಿವೆಯೇ?

ಉತ್ತರ: ಕಥೆಯನ್ನು 1923ರ ಪ್ರಕರಣದ ಪಕ್ಕದಲ್ಲಿಟ್ಟರೆ ಇವೆ. ಕ್ರೌರ್ಯದ ನಡುವೆ ಕೇಳಿಬರುವ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡು 1929ರ ಧ್ವನಿಮುದ್ರಣ. ಕೊನೆಯ ಭಾಗದಲ್ಲಿ ನಿಧಾನವಾಗಿ ಏರುತ್ತಾ ಹೋಗುವ ರಾವೆಲ್‌ನ ‘ಬೊಲೆರೊ’ ಮೊದಲ ಸಲ ಪ್ಯಾರಿಸ್‌ನಲ್ಲಿ ಕೇಳಿದ್ದು 1928ರಲ್ಲಿ. ಹಿನ್ನೆಲೆ ಸಂಗೀತಕ್ಕೆ ಪಂಚಾಂಗ ಹಿಡಿಯುವುದು ಬೇಡ ಅನ್ನಿ. ಒಂದೇ ತಾಳ, ಒಂದೇ ರಾಗ, ಸುತ್ತು ಹೆಚ್ಚಾದಂತೆ ಏರುವ ಸದ್ದು: ಬತ್ತಿ ಉರಿಯುತ್ತಾ ಹೋಗುವ ದೃಶ್ಯಕ್ಕೆ ಇದಕ್ಕಿಂತ ಹೊಂದುವುದು ಕಷ್ಟ.

ನಿಲ್ದಾಣದ ಬಗ್ಗೆ ಕೇಳಿದವರಿಗೆ: ಇಂದು ಸೋಲ್‌ನಲ್ಲಿ ಕಲಾಕೇಂದ್ರವಾಗಿ ಉಳಿದಿರುವ ಗುಮ್ಮಟದ ಇಟ್ಟಿಗೆ ಕಟ್ಟಡ ಮುಗಿದದ್ದು 1925ರಲ್ಲಿ. 1923ರ ಜನವರಿ 1ರವರೆಗೆ ಆ ನಿಲ್ದಾಣದ ಹೆಸರೇ ನಾಮ್‌ದೆಮುನ್. ಹಾಗೆಯೇ ಅರಮನೆಯ ಅಂಗಳದಲ್ಲಿ ಕಟ್ಟಿದ ಗವರ್ನರ್ ಜನರಲ್‌ನ ಭಾರಿ ಕಟ್ಟಡ 1926ರದ್ದು. 1995ರಲ್ಲಿ ಅದನ್ನು ಕೆಡವಲು ಶುರುಮಾಡಿದರು. ಆ ಗುಮ್ಮಟವೋ ಈ ಕಟ್ಟಡವೋ ಯಾವ ಚಿತ್ರದಲ್ಲಿ ಕಂಡರೂ ಕಥೆ ಅದರ ನಂತರದ್ದು ಎಂದು ಲೆಕ್ಕ ಹಾಕಬಹುದು.

ಪ್ರಶ್ನೆ: ಮಕ್ಕಳ ಜೊತೆ ನೋಡಬಹುದೇ?

ಉತ್ತರ: ಬೇಡ. ಕೊರಿಯಾದಲ್ಲೇ 15 ತುಂಬಿದವರಿಗೆಂದು ಪ್ರಮಾಣಪತ್ರ ಪಡೆದ ಚಿತ್ರ. ವಿಚಾರಣೆಯ ಕೋಣೆಯ ದೃಶ್ಯಗಳಲ್ಲಿ ಕ್ಯಾಮೆರಾ ಮುಖ ತಿರುಗಿಸುವುದಿಲ್ಲ. ಆರಂಭದಲ್ಲೇ ಒಂದು ಕಾಲ್ಬೆರಳಿನ ದೃಶ್ಯವಿದೆ, ದೊಡ್ಡವರೂ ಕಣ್ಣು ಮುಚ್ಚುತ್ತಾರೆ.

ಪ್ರಶ್ನೆ: ಇದೇ ಕಾಲದ ಬೇರೆ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಬಿಡುಗಡೆಯ ಕ್ರಮ ಬಿಟ್ಟು ಕಥೆಯ ಕಾಲದ ಕ್ರಮ ಹಿಡಿಯಿರಿ. ಮೊದಲು ವೂ ಮಿನ್-ಹೊ ನಿರ್ದೇಶನದ ‘ಹಾರ್ಬಿನ್’ (2024). 1909ರ ಅಕ್ಟೋಬರ್ 26ರಂದು ಕೊರಿಯನ್ ಹೋರಾಟಗಾರ ಆನ್ ಜುಂಗ್-ಗುನ್ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಹಿರಿಯ ರಾಜಕಾರಣಿ ಇತೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದ ಘಟನೆ. ಕೊರಿಯಾ ಆಗಿನ್ನೂ ಪೂರ್ತಿ ವಸಾಹತಲ್ಲ, 1905ರಿಂದ ಜಪಾನಿನ ‘ರಕ್ಷಣೆ’ಯಲ್ಲಿದ್ದ ದೇಶ. ಮಂಜು, ಮೌನ, ನಿಧಾನ. ಸಾಹಸ ಬಯಸಿ ಹೋದವರಿಗೆ ನಿರಾಸೆ. ನಂತರ ‘ದಿ ಏಜ್ ಆಫ್ ಶ್ಯಾಡೋಸ್’.

ಮೂರನೆಯದು ಚೋಯ್ ದೊಂಗ್-ಹೂನ್ ಅವರ ‘ಅಸ್ಯಾಸಿನೇಶನ್’ (2015). 1933ರ ಕಥೆ, ಕೊರಿಯಾದಲ್ಲೇ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿದ ಚಿತ್ರ. ಈ ಮೂರರಲ್ಲಿ ಅತ್ಯಂತ ರಂಜಕ ಇದೇ, ಅವಳಿ ಸೋದರಿಯರ ತಿರುವು ಮಾತ್ರ ಸ್ವಲ್ಪ ಹೆಚ್ಚಾಯಿತು. ಅದರ ಕೊನೆಯ ಹತ್ತು ನಿಮಿಷ ಅರ್ಥವಾಗಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. ಜಪಾನಿಗೆ ಸಹಕರಿಸಿದವರನ್ನು ಶಿಕ್ಷಿಸಲು ದಕ್ಷಿಣ ಕೊರಿಯಾ 1948ರಲ್ಲಿ ಕಾನೂನು ತಂದು ವಿಶೇಷ ಸಮಿತಿ ರಚಿಸಿತು. 1949ರ ಜೂನ್ 6ರಂದು ಪೊಲೀಸರೇ ಆ ಸಮಿತಿಯ ಕಚೇರಿಗೆ ನುಗ್ಗಿದರು. ಆ ಪೊಲೀಸರಲ್ಲಿ ಅನೇಕರು ಜಪಾನಿನ ಕಾಲದಲ್ಲೂ ಪೊಲೀಸರಾಗಿದ್ದವರು. ಸಮಿತಿ ಅಲ್ಲಿಗೆ ಮುಗಿಯಿತು. ಇದು ತಿಳಿಯದೆ ನೋಡಿದರೆ ಅಂತ್ಯ ಬರೀ ಸೇಡಿನಂತೆ ಕಾಣುತ್ತದೆ.

ಕೊನೆಗೆ ಲೀ ಹೆ-ಯೊಂಗ್ ಅವರ ‘ಫ್ಯಾಂಟಮ್’ (2023). ಇದೂ 1933. ಗವರ್ನರ್ ಜನರಲ್ ಕಚೇರಿಯ ಐವರನ್ನು ಬಂಡೆಯಂಚಿನ ಹೋಟೆಲ್‌ನಲ್ಲಿ ಕೂಡಿಹಾಕಿ ಗೂಢಚಾರ ಯಾರೆಂದು ಹುಡುಕುವ ಕಥೆ. ಇತಿಹಾಸದ ಪಾಠಕ್ಕಾಗಿ ಹೋಗಬೇಡಿ, ಅದರ ಮೂಲವೇ ಒಂದು ಚೀನೀ ಕಾದಂಬರಿ.

ಪ್ರಶ್ನೆ: ಚೆ-ಸಾನ್, ಊ-ಜಿನ್ ಪಾತ್ರಗಳ ಹಿಂದಿನ ನಿಜವಾದ ವ್ಯಕ್ತಿಗಳು ಮುಂದೆ ಏನಾದರು?

ಉತ್ತರ: ನಾಯಕ ಕಿಮ್ ವೊನ್-ಬೊಂಗ್ ಜಪಾನಿಯರ ಕೈಗೆ ಸಿಗಲೇ ಇಲ್ಲ. ಸ್ವಾತಂತ್ರ್ಯದ ನಂತರ ದಕ್ಷಿಣಕ್ಕೆ ಮರಳಿ, 1948ರಲ್ಲಿ ಉತ್ತರಕ್ಕೆ ಹೋಗಿ ಅಲ್ಲಿನ ಮೊದಲ ಮಂತ್ರಿಮಂಡಲದಲ್ಲಿ ಸಚಿವನಾದ. 1958ರ ಹೊತ್ತಿಗೆ ಅಲ್ಲಿನ ರಾಜಕೀಯ ಶುದ್ಧೀಕರಣದಲ್ಲಿ ಹೆಸರೇ ಮಾಯವಾಯಿತು. ಉತ್ತರದಲ್ಲಿ ಅಳಿಸಿದರು, ಉತ್ತರಕ್ಕೆ ಹೋದನೆಂದು ದಕ್ಷಿಣದಲ್ಲಿ ಗೌರವಿಸಲಿಲ್ಲ. 2019ರಲ್ಲಿ ದಕ್ಷಿಣದ ಅಧ್ಯಕ್ಷರು ಹುತಾತ್ಮರ ದಿನದ ಭಾಷಣದಲ್ಲಿ ಅವನ ಹೆಸರೆತ್ತಿದ್ದಕ್ಕೇ ದೊಡ್ಡ ಜಗಳವಾಯಿತು.

ಕಿಮ್ ಸಿ-ಹ್ಯೊನ್ ಮತ್ತೆ ಮತ್ತೆ ಜೈಲು ಕಂಡು, ಸ್ವಾತಂತ್ರ್ಯ ಬಂದ ಮೇಲೆ ಸಂಸತ್ ಸದಸ್ಯನಾದ. 1952ರ ಜೂನ್ 25ರಂದು ಬುಸಾನ್‌ನ ಸಭೆಯೊಂದರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಮೇಲೆ ಪಿಸ್ತೂಲು ಗುರಿಯಿಟ್ಟವನು ಯೂ ಸಿ-ತೆ, ಅದರ ಹಿಂದಿನ ಸಂಚು ಕಿಮ್ ಸಿ-ಹ್ಯೊನ್‌ನದು. ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರಲಿಲ್ಲ. ಇಬ್ಬರಿಗೂ ಮರಣದಂಡನೆಯಾಗಿ, ಜೀವಾವಧಿಗೆ ಇಳಿದು, 1960ರಲ್ಲಿ ರೀ ಅಧಿಕಾರ ಕಳೆದುಕೊಂಡ ಮೇಲೆ ಬಿಡುಗಡೆ. ಸ್ವಾತಂತ್ರ್ಯ ಹೋರಾಟಗಾರರಿಗೆ ಕೊಡುವ ಪದಕ ಮಾತ್ರ ಆ ಒಂದು ಪಿಸ್ತೂಲಿನ ದೆಸೆಯಿಂದ ಅವನ ಹೆಸರಿಗೆ ಬರಲಿಲ್ಲ.